ಕೊರೆದವರ ಹೆಸರು

ವಿಭಾಗದ ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಜನ್ನನನ್ನು ಕುರಿತು ಹಿಂದೆಂದೋ ಬರೆದಿಟ್ಟಿದ್ದ ಪ್ರಬಂಧವನ್ನೇ ತುಸು ಪರಿಷ್ಕರಿಸಿ ಒಪ್ಪಿಸಿದರಾಯಿತೆಂದು ಎಣಿಸಿದ್ದೆ. ಕಡತದಿಂದ ಅದನ್ನು ಹೊರತೆಗೆದು ಓದತೊಡಗಿದಂತೆ ಅದರೊಳಗಿನ ಲೋಪವೊಂದು ಕಣ್ಣನ್ನು ಚುಚ್ಚತೊಡಗಿತು. ಆ ಲೋಪವನ್ನು ನನಗೆ ತೋರಿಸಿಕೊಟ್ಟವರು ಇಬ್ಬರು. ಒಬ್ಬ, ದಾದರಿನಲ್ಲಿ ಅಂಗಡಿಗಳ ನಾಮಫಲಕ ಬರೆಯುತ್ತಿದ್ದ ನನ್ನ ವಿದ್ಯಾರ್ಥಿ. ಇನ್ನೊಬ್ಬರು, ಕರ್ನಾಟಕದ ಕಲಾ ಇತಿಹಾಸಕಾರರಲ್ಲಿ ಅಗ್ರಗಣ್ಯರಾದ ಡಾ. ಷ. ಶೆಟ್ಟರ್. ಶೆಟ್ಟರ್ ಅವರನ್ನು ಗ್ರಂಥಗಳ ಮೂಲಕವಲ್ಲದೆ ಬೇರೆ ಬಗೆಯಲ್ಲಿ ನಾನು ಬಲ್ಲವನಲ್ಲ. ಆದ್ದರಿಂದ ಇದು ಅವರ ವ್ಯಕ್ತಿಚಿತ್ರವಾಗಲಾರದು. ಅವರ ವಿದ್ವತ್ ಜೀವನವು ಕನ್ನಡದ ಅಧ್ಯಾಪಕನೊಬ್ಬನ ಓದನ್ನು ಹೇಗೆ ಅಲುಗಾಡಿಸಿತೆಂಬುದರ ನಿವೇದನೆ ಮಾತ್ರ.

1999ರ ಮಾತು. ಎಂ.ಎ. ತರಗತಿಗೆ ‘ಯಶೋಧರ ಚರಿತೆ’ಯನ್ನು ಪಾಠಮಾಡುತ್ತಿದ್ದೆ. ಕವಿಪರಿಚಯದ ಸಂದರ್ಭದಲ್ಲಿ ಜನ್ನನು ಕಾವ್ಯಗಳನ್ನಷ್ಟೇ ಅಲ್ಲದೆ ಶಾಸನಗಳನ್ನೂ ರಚಿಸಿದವನೆಂದೂ, ತರೀಕೆರೆ ತಾಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನ ಅವನದೆಂದೂ ಹೇಳಿದೆ. ಅದು 1196-97ರ ಸುಮಾರಿನದು. ‘ಯಶೋಧರ ಚರಿತೆ’ಗಿಂತ ಒಂದು ಡಜನ್ ವರ್ಷ ಹಿಂದಿನದು. ಕವಿಯ ಎಳವೆಯ ಶೈಲಿಯ ಬಗ್ಗೆ ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು:

“ಸರ, ಪದ್ಯ ಜನ್ನ ಬರದಾನ ಅಂದ್ರಿ. ಕಲ್ಲಿನ ಮ್ಯಾಲೆ ಕೊರದಾಂವ ಯಾರ್ರೀ?”

ಕೇಳಿದವನು ವಿಜಾಪುರದ ಕಡೆಯ ಹುಡುಗ. ಮುಂಬಯಿಯ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವನು. ದಾದರ್ ಪಶ್ಚಿಮದಲ್ಲಿ, ನಿಲ್ದಾಣದ ಹೊರಗಿನ ಹೂವಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಪೇಂಟರ್ ಅಂಗಡಿಯಲ್ಲಿ ಬೆಳಗ್ಗೆ ಮತ್ತು ರಾತ್ರಿ ಕೆಲಸ. ನಡುವೆ ಕಲೀನಾಕ್ಕೆ ಬಂದು ಪಾಠ ಕೇಳುತ್ತಿದ್ದ. ಅವನ ಉಗುರುಗಳ ಸಂದಿಯಲ್ಲಿ ಸದಾ ಬಣ್ಣವಿರುತ್ತಿತ್ತು. ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವಾಗಲೂ ಅಕ್ಷರಗಳನ್ನು ಮೊದಲು ತಲೆಕಟ್ಟಿನಿಂದಲ್ಲ, ಒಡಲಿನ ದುಂಡಿನಿಂದ ಆರಂಭಿಸುತ್ತಿದ್ದನೆಂಬುದನ್ನು ನಾನು ಗಮನಿಸಿದ್ದೆ. ಅಂಥವನು ಈ ಪ್ರಶ್ನೆ ಕೇಳಿದುದು ಸಹಜವೇ ಆಗಿತ್ತು.

ನಾನಾದರೋ, “ಅದು ಸಾಹಿತ್ಯದ ದೃಷ್ಟಿಯಿಂದ ಮುಖ್ಯವಲ್ಲ” ಎಂದುಬಿಟ್ಟೆ.

ಅವನು ಸುಮ್ಮನೆ ಕುಳಿತ. ತರಗತಿ ಮುಗಿದ ಮೇಲೆ ಜೊತೆಯಲ್ಲೇ ಸಾಂತಾಕ್ರೂಜ್ ನಿಲ್ದಾಣಕ್ಕೆ ನಡೆದು ಗಾಡಿ ಹಿಡಿದೆವು. ಇಬ್ಬರೂ ಇಳಿಯಬೇಕಾದದ್ದು ದಾದರಿನಲ್ಲೇ. ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದಾಗ ಅವನೇ ಮಾತು ತೆಗೆದ. “ಬೋರ್ಡಿನ ಮಾತು ಹೋಟೆಲ್ ಮಾಲಕರದು ಸರ, ಅಕ್ಷರ ನಂದು. ಮೂಲ್ಯಾಗ ಸಣ್ಣದಾಗಿ ಹೆಸರ ಹಾಕ್ತೀನಿ. ಕೆಲವರು ಬ್ಯಾಡ ಅಂತಾರ.” ಇಷ್ಟು ಹೇಳಿ ನಕ್ಕ. ಅವನ ಅಂಗಡಿಯ ಗೋಡೆಯ ಮೇಲೆ ಕಲಬುರ್ಗಿಯ ಎಸ್. ಎಂ. ಪಂಡಿತರ ಕ್ಯಾಲೆಂಡರ್ ಚಿತ್ರವೊಂದಿತ್ತು. ಪಂಡಿತರು (1916-1993) ಇದೇ ಮುಂಬಯಿಯಲ್ಲಿ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾದ ಭಿತ್ತಿಚಿತ್ರಗಳಿಂದಲೂ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳಿಂದಲೂ ದೇಶದ ಮನೆಮನೆಗೆ ಪರಿಚಿತರಾದವರು. ಗೋಡೆಯ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಕಟ್ಟಿನವನು ಕೆಳಗಿನ ಅಂಚನ್ನು ಕತ್ತರಿಸಿದ್ದರಿಂದ ಪಂಡಿತರ ರುಜು ಅರ್ಧವಷ್ಟೇ ಉಳಿದಿತ್ತು. ಅದನ್ನು ಅವನು ನನಗೆ ಒಮ್ಮೆಯಲ್ಲ, ಎರಡು ಮೂರು ಸಲ ತೋರಿಸಿದ್ದಾನೆ.

ಮುಖ್ಯವಲ್ಲವೆಂದು ತರಗತಿಯಲ್ಲಿ ಹೇಳಿದ ಮಾತು ಬಾಯಿತಪ್ಪಿ ಬಂದುದಾಗಿದ್ದರೆ ಅಷ್ಟು ಬಾಧಿಸುತ್ತಿರಲಿಲ್ಲ. ಅದು ನನ್ನ ಪಿಎಚ್.ಡಿ. ಮಹಾಪ್ರಬಂಧದ ಅಧ್ಯಯನ ವಿಧಾನವೇ ಆಗಿತ್ತು. ಹೊಯ್ಸಳರ ಕಾಲದ ಶಾಸನಗಳ ಸಾಹಿತ್ಯಾಂಶವನ್ನು ಕುರಿತು ನಾನು ಮಾಡಿದ ಆ ಕೆಲಸದಲ್ಲಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿಂದ ವೃತ್ತ, ಕಂದ, ಚಂಪೂ ಗದ್ಯಗಳಿರುವ ಶಾಸನಗಳನ್ನು ಆಯ್ದುಕೊಂಡಿದ್ದೆ. ವಿಗ್ರಹಗಳ ಪೀಠದಲ್ಲಿ, ಮದನಿಕೆಗಳ ಪಾದದಡಿಯಲ್ಲಿ ಇರುವ ಒಂದೆರಡು ಪದಗಳ ಬರಹಗಳನ್ನು, ‘ಇವು ಕೇವಲ ಶಿಲ್ಪಿಗಳ ಹೆಸರುಗಳು, ಇವುಗಳಲ್ಲಿ ಕಾವ್ಯಗುಣವಿಲ್ಲ’ ಎಂಬ ಒಂದೇ ವಾಕ್ಯದಿಂದ ಬದಿಗಿರಿಸಿದ್ದೆ. ಪರೀಕ್ಷಕರು ಯಾರೂ ಆಕ್ಷೇಪಿಸಲಿಲ್ಲ. ನಮ್ಮ ವಿದ್ವತ್ ವಲಯದ ಅಂದಿನ ಒಮ್ಮತ ಅದಾಗಿತ್ತು. ಶೆಟ್ಟರ್ ಅವರ ‘ಹೊಯ್ಸಳ ಟೆಂಪಲ್ಸ್’ ಎರಡು ಸಂಪುಟಗಳಲ್ಲಿ 1992ರಲ್ಲೇ ಹೊರಬಂದಿತ್ತು. ನನ್ನ ಪ್ರಬಂಧ ಮುಗಿದದ್ದು ಅದಾದ ಐದು ವರ್ಷಕ್ಕೆ. ಆದರೂ ನಾನದನ್ನು ಕಣ್ಣೆತ್ತಿ ನೋಡಿರಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯವಿರುವುದು 894ರ ಕಪಾಟಿನಲ್ಲಿ, ಶಿಲ್ಪ ವಾಸ್ತುಗಳಿರುವುದು 720, 730ರ ಕಪಾಟುಗಳಲ್ಲಿ. ನಡುವೆ ಒಂದು ಮಹಡಿಯ ಮೆಟ್ಟಿಲಿತ್ತು. ಆ ಮೆಟ್ಟಿಲನ್ನು ನಾನು ಏರಿರಲಿಲ್ಲ.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡಬೇಕೆಂಬ ಹಟದಿಂದ ಆ ವಾರವೇ ಮೆಟ್ಟಿಲೇರಿದೆ. ಆ ದೊಡ್ಡ ಸಂಪುಟಗಳನ್ನು ಮನೆಗೆ ಕೊಡುತ್ತಿರಲಿಲ್ಲವಾದ್ದರಿಂದ ಅಲ್ಲಿಯೇ ಕುಳಿತು ಓದಬೇಕಾಯಿತು. ಅಮೃತಾಪುರದ ವಿಷಯಕ್ಕೆ ಬಂದಾಗ ನನ್ನ ತರಗತಿಯ ಮಾತು ನನಗೇ ತಿರುಗಿ ಬಡಿಯಿತು. ಜನ್ನನ ಪದ್ಯಗಳನ್ನು ಹೊತ್ತ ಶಾಸನಶಿಲೆ ಯಾವ ಅಂಗಳದಲ್ಲಿ ನಿಂತಿದೆಯೋ, ಅದೇ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ರೂವಾರಿ ತನ್ನ ಹೆಸರನ್ನು ಕೊರೆದಿಟ್ಟಿದ್ದಾನೆ. ಹೊಯ್ಸಳ ಶಿಲ್ಪಿಗಳಲ್ಲೆಲ್ಲ ಅತ್ಯಧಿಕ ಕೃತಿಗಳನ್ನು ಬಿಟ್ಟುಹೋದವನು ಈತನೇ. ನಲವತ್ತಕ್ಕೂ ಮಿಕ್ಕ ಕಟ್ಟಡಗಳೊಡನೆ ಅವನ ಹೆಸರು ಸೇರಿಕೊಂಡಿದೆ. ಅವನ ವೃತ್ತಿಜೀವನದ ಮೊದಲ ಗುರುತು ಈ ಅಮೃತಾಪುರದಲ್ಲಿ. ಕೊನೆಯ ಘಟ್ಟದ್ದು 1258ರ ಸೋಮನಾಥಪುರದಲ್ಲಿ. ಅಂದರೆ, ಮುಂದೆ ಕವಿಚಕ್ರವರ್ತಿಯಾದ ಜನ್ನನೂ ಹೊಯ್ಸಳ ಶಿಲ್ಪದ ಬಹುದೊಡ್ಡ ಕೆಲಸಗಾರನಾದ ಮಲ್ಲಿತಮ್ಮನೂ, ಇಬ್ಬರೂ ತಮ್ಮ ತಮ್ಮ ಕಸುಬಿನ ಆರಂಭದಲ್ಲಿ, ಒಂದೇ ಗುಡಿಯಲ್ಲಿ, ಒಂದೇ ಕಾಲದಲ್ಲಿ ದುಡಿದಿದ್ದಾರೆ. ಅಮೃತೇಶ್ವರ ದಂಡನಾಯಕ ಹಣ ಕೊಟ್ಟ, ವೀರಬಲ್ಲಾಳ ದೊರೆಯಾಗಿದ್ದ. ಇವರಿಬ್ಬರ ಹೆಸರೂ ನನಗೆ ಗೊತ್ತಿತ್ತು, ಜನ್ನನದೂ ಗೊತ್ತಿತ್ತು. ನಾಲ್ಕನೆಯವನದು ಗೊತ್ತಿರಲಿಲ್ಲ. (ಶಾಸನಶಿಲೆಯ ಅಕ್ಷರಗಳನ್ನೂ ಮಲ್ಲಿತಮ್ಮನೇ ಕೊರೆದನೆಂದು ನಾನು ಹೇಳುತ್ತಿಲ್ಲ. ಕೊರೆಯುವ ಕೈಗಳಿಗೂ ಆ ಗುಡಿಯಲ್ಲಿ ಹೆಸರಿತ್ತೆಂಬುದಷ್ಟೇ ನನ್ನ ಮಾತು.)

ಷಡಕ್ಷರಿ ಶೆಟ್ಟರ್ ಅವರು ಹುಟ್ಟಿದ್ದು 1935ರಲ್ಲಿ, ಬಳ್ಳಾರಿ ಜಿಲ್ಲೆಯದಾಗಿದ್ದ ಹಂಪಸಾಗರದಲ್ಲಿ. ಮೈಸೂರು, ಧಾರವಾಡ, ಕೇಂಬ್ರಿಜ್‌ಗಳಲ್ಲಿ ಓದಿದರು. 1960ರಿಂದ 1996ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ತ್ವವನ್ನು ಬೋಧಿಸಿದರು. ಅಲ್ಲಿನ ಭಾರತೀಯ ಕಲಾ ಇತಿಹಾಸ ಸಂಸ್ಥೆಯನ್ನು ಬಹುಕಾಲ ನಿರ್ದೇಶಿಸಿದರು. ಬಳಿಕ 1999ರವರೆಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಇವೆಲ್ಲ ಅಧಿಕಾರಸ್ಥಾನಗಳ ವಿವರ, ಬೇರೆಡೆಯೂ ಸಿಗುತ್ತವೆ. ನನಗೆ ಕುತೂಹಲಕರವಾಗಿ ಕಾಣುವುದು ಅವರ ಆಸಕ್ತಿ ಸಾಗಿಬಂದ ದಾರಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ತ್ಯಜಿಸಿದವರ ನಿಸಿದಿ ಶಾಸನಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. ಆ ಅಧ್ಯಯನದ ಫಲವಾಗಿ 1989ರಲ್ಲಿ ‘ಇನ್‌ವೈಟಿಂಗ್ ಡೆತ್’, ಮರುವರ್ಷ ‘ಪರ್ಸ್ಯೂಯಿಂಗ್ ಡೆತ್’ ಬಂದವು. ಈ ಎರಡೂ ಮುಂದೆ ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂಬ ಹೆಸರುಗಳಲ್ಲಿ ಕನ್ನಡಕ್ಕೂ ಬಂದಿವೆ. ಕಲಾ ಇತಿಹಾಸಕಾರನೊಬ್ಬ ಸುಂದರ ವಿಗ್ರಹಗಳನ್ನು ಬಿಟ್ಟು ಬೋಳುಬಂಡೆಯ ಮೇಲಣ ಸಾಧಾರಣ ಗೀರುಗಳ ಹಿಂದೆ ವರ್ಷಗಟ್ಟಲೆ ಅಲೆದನೆಂಬುದನ್ನು ಗಮನಿಸಬೇಕು. ಅವರ ಆಸಕ್ತಿ ಸೌಂದರ್ಯದ ಮೀಮಾಂಸೆಗಿಂತ ಮಿಗಿಲಾಗಿ, ಕಲ್ಲಿನ ಬಳಿಗೆ ಬಂದ ಮನುಷ್ಯರಲ್ಲಿತ್ತು: ಸಾಯಲು ಬಂದವರು, ಕಡೆಯಲು ಬಂದವರು, ಬರೆಯಲು ಬಂದವರು.

ಹೊಯ್ಸಳ ದೇವಾಲಯಗಳ ವಿಷಯದಲ್ಲಿಯೂ ಹಾಗೆಯೇ. ಫರ್ಗ್ಯುಸನ್ ಕಾಲದಿಂದ ಈ ಗುಡಿಗಳನ್ನು ಕುರಿತು ಬರೆದವರು ನಕ್ಷತ್ರಾಕಾರದ ತಳವಿನ್ಯಾಸವನ್ನೂ ಕುಸುರಿ ಕೆಲಸದ ಅತಿರೇಕವನ್ನೂ ಹೊಗಳುತ್ತಲೋ ತೆಗಳುತ್ತಲೋ ಬಂದರು. ಶೆಟ್ಟರ್ ಹೆಸರುಗಳ ಬೆನ್ನು ಹಿಡಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಗಳನ್ನು ಕಡೆದರು. ಹಳೇಬೀಡಿನ ಹೊಯ್ಸಳೇಶ್ವರದೊಡನೆ ಕೇದಾರೋಜನ ಹೆಸರು ಕೂಡಿಕೊಂಡಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಜೊತೆಗೆ ಮಸಣಿತಮ್ಮ, ಬಾಮಯ, ಚೌಡೆಯ, ಬಾಲೆಯರಿದ್ದಾರೆ. ಕನ್ನಡದ ಮೇಷ್ಟರ ಕಣ್ಣಿಗೆ ಈ ಪಟ್ಟಿಯೇ ಒಂದು ಪಾಠ. ಹನ್ನೆರಡನೆಯ ಶತಮಾನದ ಆರಂಭದ ಹೆಸರುಗಳು ‘ಓಜ’ದಿಂದ ಮುಗಿಯುತ್ತವೆ. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದ ಉವಜ್ಝಾಯವಾಗಿ ಕನ್ನಡದಲ್ಲಿ ಓಜನಾದ ಕಥೆಯನ್ನು ನಾವು ತದ್ಭವ ಪ್ರಕರಣದಲ್ಲಿ ಹೇಳುತ್ತಲೇ ಇರುತ್ತೇವೆ; ಆ ಓಜರು ಕೈಯಲ್ಲಿ ಉಳಿ ಹಿಡಿದವರೂ ಆಗಿದ್ದರೆಂದು ಹೇಳುವುದಿಲ್ಲ. ಹದಿಮೂರನೆಯ ಶತಮಾನದ ನಡುವಿಗೆ ಬಂದರೆ ತಮ್ಮ, ಅಯ್ಯ, ಎಯಗಳು. ಮನೆಯಲ್ಲಿ ಕರೆಯುವ ಹೆಸರುಗಳಂಥವು. ‘ರೂವಾರಿ’ ಎಂಬ ಮಾತೂ ರೂಪಕಾರಿಯ ತದ್ಭವ. ಇಂದು ಆ ಮಾತು ಪತ್ರಿಕೆಗಳಲ್ಲಿ ಕ್ರಿಕೆಟ್ ಪಂದ್ಯದ ಗೆಲುವಿಗೂ ಚುನಾವಣೆಯ ತಂತ್ರಕ್ಕೂ ಧಾರಾಳವಾಗಿ ಬಳಕೆಯಾಗುತ್ತಿದೆ. ಕಲ್ಲು ಕಡೆಯುವವನಿಗೆ ಮಾತ್ರ ಬಳಕೆಯಾಗುತ್ತಿಲ್ಲ.

ಕಾವ್ಯಗುಣವಿಲ್ಲವೆಂದು ನಾನು ತೀರ್ಮಾನಿಸಿದ್ದೆನಷ್ಟೆ? ಬೇಲೂರಿನ ಬರಹಗಳಲ್ಲಿ ಚಾವಣ ತನ್ನನ್ನು, ಬಿರುದು ಹೊತ್ತ ರೂವಾರಿಗಳೆಂಬ ಮದನರಿಗೆ ಮಹೇಶ್ವರನೆಂದು ಕರೆದುಕೊಂಡಿದ್ದಾನೆ. ಪ್ರತಿಸ್ಪರ್ಧಿಗಳನ್ನೆಲ್ಲ ಮನ್ಮಥರನ್ನಾಗಿಸಿ, ತನಗೆ ಮೂರನೆಯ ಕಣ್ಣನ್ನು ಇಟ್ಟುಕೊಂಡ ಈ ರೂಪಕವನ್ನು ಯಾವ ಕವಿಯ ಬೀಗಿನ ಮಾತಿಗಿಂತ ಕಡಿಮೆಯೆನ್ನಬೇಕು? ಪಂಪ ರನ್ನರ ಆತ್ಮಪ್ರಶಂಸೆಯನ್ನು ಕವಿಮಾರ್ಗವೆಂದು ಪುಟಗಟ್ಟಲೆ ಬರೆಯುವ ನಾವು, ಅದೇ ಮಾರ್ಗದಲ್ಲಿ ನಿಂತು ಮಾತನಾಡಿದ ಕುಶಲಕರ್ಮಿಯನ್ನು ಕೇಳಿಸಿಕೊಳ್ಳಲಿಲ್ಲ. ನಾಡಿನ ಜನ ಶಿಲ್ಪಿಯನ್ನು ಮರೆಯಲಿಲ್ಲವೆಂಬುದು ನಿಜ. ಆದರೆ ನೆನಪಿಟ್ಟದ್ದು ಜಕಣಾಚಾರಿಯನ್ನು. 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, ಪೂರ್ಣಪ್ರಮಾಣದಲ್ಲಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ, ಆ ಐತಿಹ್ಯವನ್ನು ಇನ್ನಷ್ಟು ಗಟ್ಟಿಮಾಡಿತು. ಬೇಲೂರಿನ ಬರಹಗಳಲ್ಲಿ ಆ ಹೆಸರಿಲ್ಲ. ಐತಿಹ್ಯವನ್ನು ನಾನು ಹಳಿಯಲಾರೆ. ಕಲ್ಲಿನಲ್ಲಿ ಇದ್ದ ಇಷ್ಟೊಂದು ಹೆಸರುಗಳನ್ನು ಓದಬಲ್ಲವರು ಓದಿ ಹೇಳದಿದ್ದಾಗ ಜನ ಒಂದು ಹೆಸರನ್ನು ಕಟ್ಟಿಕೊಂಡರು, ಅಷ್ಟೆ.

ಓದಬಲ್ಲವರು ಓದಲೇ ಇಲ್ಲವೆಂದರೂ ತಪ್ಪಾಗುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಬ್ಬಿಬ್ಬುಗೊಳಿಸಿದ ಸಂಗತಿ ಇದು. ಮೈಸೂರು ಪುರಾತತ್ತ್ವ ಇಲಾಖೆಯಿಂದ 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನೂ 1919ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನೂ ಕುರಿತು ಚಿಕ್ಕ ಗ್ರಂಥಗಳು ಪ್ರಕಟವಾದವು. ಶಿಲ್ಪಿಗಳ ಹೆಸರುಗಳನ್ನು ವಿಗ್ರಹ ವಿಗ್ರಹಕ್ಕೂ ಗುರುತಿಸಿ ಕೊಟ್ಟ ಗ್ರಂಥಗಳವು. ಬರೆದವರು ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು, ಅಂದರೆ ನಮ್ಮ ‘ಕರ್ಣಾಟಕ ಕವಿಚರಿತೆ’ಯ ನರಸಿಂಹಾಚಾರ್ಯರೇ. ಕವಿಚರಿತೆಯ ಎರಡನೆಯ ಸಂಪುಟ ಹೊರಬಂದದ್ದೂ 1919ರಲ್ಲೇ. ಒಂದೇ ವರ್ಷ, ಒಂದೇ ಕೈಯಿಂದ ಕವಿಗಳ ಚರಿತ್ರೆಯೂ ರೂವಾರಿಗಳ ಹೆಸರೂ ಬಂದವು. ಕವಿಚರಿತೆಯನ್ನು ಕನ್ನಡ ವಿಭಾಗಗಳು ತಲೆಯ ಮೇಲೆ ಹೊತ್ತುಕೊಂಡವು. ಬೇಲೂರಿನ ಪುಸ್ತಕ ಬೇರೆ ಕಪಾಟಿಗೆ ಹೋಯಿತು. ಕವಿಚರಿತೆಯನ್ನು ದಿನವೂ ತೆರೆಯುತ್ತಿದ್ದ ನನಗೆ ಅದೇ ಲೇಖಕನ ಇನ್ನರ್ಧ ಕೆಲಸ ಗೊತ್ತಿರಲಿಲ್ಲ. ಶೆಟ್ಟರ್ ಮಾಡಿದ ಕೆಲಸವನ್ನು ನರಸಿಂಹಾಚಾರ್ಯರ ಆ ಇನ್ನರ್ಧದ ಮುಂದುವರಿಕೆಯೆಂದೇ ನಾನು ತಿಳಿಯುತ್ತೇನೆ.

ಓದಿದ್ದನ್ನು ಕಣ್ಣಾರೆ ಕಾಣಬೇಕೆನ್ನಿಸಿತು. ದಾದರಿನಿಂದ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್ ಪುಣೆ, ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾದು ಅರಸೀಕೆರೆಯ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮುಂಬಯಿಯ ಕನ್ನಡಿಗರಿಗೆ ಅದು ಊರಿಗೆ ಹೋಗುವ ಗಾಡಿ. ಬೇಸಗೆ ರಜೆಯಲ್ಲಿ ಅದರ ಸಾಮಾನ್ಯ ದರ್ಜೆಯ ಡಬ್ಬಿಗೆ ಹತ್ತುವುದೇ ಒಂದು ಕಾಳಗ. ಇಪ್ಪತ್ತು ವರ್ಷ ಅದರಲ್ಲಿ ಓಡಾಡಿದ್ದರೂ ಅದರ ಹೆಸರಿನ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಆ ಡಿಸೆಂಬರಿನಲ್ಲಿ ಅರಸೀಕೆರೆಯಲ್ಲಿ ಇಳಿದು, 1220ರ ಈಶ್ವರ ದೇವಾಲಯದ ಮುಂದಿನ ಚುಕ್ಕೆಯಾಕಾರದ ಮಂಟಪವನ್ನು ನೋಡಿ, ಕಡೂರು ಬೀರೂರುಗಳ ದಾರಿಯಾಗಿ ತರೀಕೆರೆಗೆ ಬಂದು, ಅಲ್ಲಿಂದ ಅಮೃತಾಪುರ ತಲಪಿದಾಗ ಮಧ್ಯಾಹ್ನ ಕಳೆದಿತ್ತು. ಸುತ್ತ ತೆಂಗು ಅಡಕೆ. ಗುಡಿಯಲ್ಲಿ ಅರ್ಚಕರ ಹೊರತು ಯಾರೂ ಇರಲಿಲ್ಲ.

ಜನ್ನನ ಶಾಸನವನ್ನು ನಾನು ‘ತರೀಕೆರೆ 45’ ಎಂಬ ಸಂಖ್ಯೆಯಾಗಿ ಬಲ್ಲವನು. ಅಚ್ಚಿನಲ್ಲಿ ಅದಕ್ಕೆ ಎತ್ತರವಿಲ್ಲ, ನೆರಳಿಲ್ಲ. ಶಿಲೆಯ ಎದುರು ನಿಂತಾಗ ಮೊದಲು ಕಂಡದ್ದು ಪದ್ಯವಲ್ಲ, ಸಾಲುಗಳ ನೇರ. ಅಷ್ಟುದ್ದದ ಬರಹದಲ್ಲಿ ಸಾಲು ಎಲ್ಲಿಯೂ ಇಳಿದಿಲ್ಲ, ಅಕ್ಷರ ಎಲ್ಲಿಯೂ ಇಕ್ಕಟ್ಟಾಗಿಲ್ಲ. ವೃತ್ತದ ಯತಿಗೂ ಸಾಲಿನ ಕೊನೆಗೂ ಸಂಬಂಧವಿಲ್ಲದಿದ್ದರೂ ಕೊರೆದವನು ಗೊಂದಲಗೊಂಡಿಲ್ಲ. ಒಂದು ಅಕ್ಷರ ತಪ್ಪಿದರೆ ಅಳಿಸಿ ಬರೆಯಲಾಗದ ಬರಹ ಇದು. ನನ್ನ ಹಿಂದಿನ ಬೆಂಚಿನ ಹುಡುಗ ಪಕ್ಕದಲ್ಲಿದ್ದಿದ್ದರೆ ಏನು ಹೇಳುತ್ತಿದ್ದನೋ ಎಂದು ಅನಿಸಿತು. ಒಳಗೆ ಮಂಟಪದಲ್ಲಿ ಅರ್ಚಕರು ದೀಪ ಹಿಡಿದು ಭುವನೇಶ್ವರಿಗಳನ್ನು ತೋರಿಸಿದರು. ಮಲ್ಲಿತಮ್ಮನ ಹೆಸರಿಗಾಗಿ ಕತ್ತೆತ್ತಿ ಹುಡುಕಿದೆ. ಕತ್ತು ನೋವಾಯಿತೇ ಹೊರತು ನನ್ನ ಕಣ್ಣಿಗೆ ಅದು ಸಿಕ್ಕಲಿಲ್ಲ. ಹಳಗನ್ನಡದಲ್ಲಿ ಪಿಎಚ್.ಡಿ. ಪಡೆದವನಿಗೆ ಕಲ್ಲಿನ ಮೇಲಿನ ಹಳಗನ್ನಡವನ್ನು ನೇರವಾಗಿ ಓದುವ ಅಭ್ಯಾಸವಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಿಬಿಡುತ್ತೇನೆ.

ಮುಂಬಯಿಗೆ ಮರಳಿದ ಮೇಲೆ ವಿದ್ಯಾರ್ಥಿಗಳನ್ನು ಕಲ್ಲಿನ ಬಳಿಗೆ ಕರೆದೊಯ್ಯಬೇಕೆಂದುಕೊಂಡೆ. ಬೇಲೂರು ದೂರ, ಬೋರಿವಲಿ ಹತ್ತಿರ. ಅಲ್ಲಿನ ಏಕ್ಸರ್‌ನಲ್ಲಿ ಎತ್ತರವಾದ ವೀರಗಲ್ಲುಗಳಿವೆ. ಅವುಗಳ ಮೇಲೆ ಹುಟ್ಟುಗಳ ಸಾಲು ಚಾಚಿದ ಹಡಗುಗಳು, ನೌಕಾಯುದ್ಧ. ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ ನಡೆದ ಕಾಳಗದ ನೆನಪು ಅವೆಂದು ಹಲವರು ಹೇಳುತ್ತಾರೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮರಾಠಿಯಲ್ಲಿ ಇಂಥ ಕಲ್ಲಿಗೆ ‘ವೀರಗಳ’ ಎನ್ನುತ್ತಾರೆ. ಕೊನೆಯ ‘ಗಳ’ ನಮ್ಮ ‘ಕಲ್’ ಎಂದು ತಿಳಿದಾಗ ಹುಡುಗರ ಮುಖ ಅರಳಿದ್ದನ್ನು ಮರೆಯಲಾರೆ. ಈ ನಗರದ ನೆಲದಲ್ಲಿಯೇ ಕನ್ನಡದ ಒಂದು ಪದ ಕಲ್ಲಾಗಿ ನಿಂತಿದೆ. ಶೆಟ್ಟರ್ ಮತ್ತು ಜರ್ಮನಿಯ ಗುಂಥರ್ ಸೊಂಥೈಮರ್ ಸೇರಿ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ (1982) ಈ ವಿಷಯಕ್ಕೆ ಇಂದಿಗೂ ಆಧಾರಗ್ರಂಥ. ಮಹಾರಾಷ್ಟ್ರದ ಕುರುಬರ, ಖಂಡೋಬನ ಅಧ್ಯಯನದಲ್ಲಿ ಮುಳುಗಿದ್ದ ಸೊಂಥೈಮರ್ ಅವರೂ ಧಾರವಾಡದ ಶೆಟ್ಟರ್ ಅವರೂ ಕೂಡಿದ್ದರಿಂದಲೇ ರಾಜ್ಯದ ಗಡಿ ಆ ಗ್ರಂಥಕ್ಕೆ ಅಡ್ಡಬರಲಿಲ್ಲ.

ಶೆಟ್ಟರ್ ಅವರ ಜೀವನದ ಉತ್ತರಾರ್ಧ ಇನ್ನೂ ಅಚ್ಚರಿಯದು. ತಮ್ಮ ಪ್ರಮುಖ ಸಂಶೋಧನೆಗಳನ್ನು ಬಹುಪಾಲು ಇಂಗ್ಲಿಷಿನಲ್ಲಿ ಪ್ರಕಟಿಸುತ್ತ ಬಂದ ಅವರು ಎಪ್ಪತ್ತು ದಾಟಿದ ಮೇಲೆ ಕನ್ನಡದಲ್ಲಿ ಬೃಹದ್ಗ್ರಂಥಗಳನ್ನು ಬರೆಯತೊಡಗಿದರು. 2007ರಲ್ಲಿ ‘ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ’, 2014ರಲ್ಲಿ ‘ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ’, 2018ರಲ್ಲಿ ‘ಪ್ರಾಕೃತ ಜಗದ್ವಲಯ’. ಮೊದಲನೆಯದು ಬಂದ ಮರುವರ್ಷವೇ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದರಿಂದ ಆ ಗ್ರಂಥ ಅಭಿಮಾನದ ಬಾವುಟವೂ ಆಯಿತು. ಅದರ ನಿರ್ಣಯಗಳನ್ನೆಲ್ಲ ನಾನು ಒಪ್ಪಲಾರೆ. ಶಂಗಂ ಕಾವ್ಯಗಳ ಕಾಲನಿರ್ಣಯವೇ ವಿವಾದಾಸ್ಪದವಾಗಿರುವಲ್ಲಿ ಅವುಗಳಿಂದ ಕನ್ನಡ ನಾಡಿನ ಚಿತ್ರವನ್ನು ಅಷ್ಟು ಖಚಿತವಾಗಿ ಎಳೆಯುವುದು ಸಾಹಸವೇ. ಅವರ ಗದ್ಯವೂ ಸಲೀಸಲ್ಲ. ಒಂದೇ ಸಂಗತಿ ಮೂರು ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಟ್ಟಿಗಳಿಂದ ಓದುಗನಿಗೆ ದಣಿವಾಗುತ್ತದೆ.

ಆದರೆ ಎರಡನೆಯ ಗ್ರಂಥದ ಹೆಸರಿನಲ್ಲಿರುವ ‘ವ್ಯವಸಾಯ’ ಎಂಬ ಪದಕ್ಕಾಗಿ ಈ ದಣಿವನ್ನೆಲ್ಲ ಕ್ಷಮಿಸಬಹುದು. ಲಿಪಿಯನ್ನು ನಾವು ಭಾಷಾಶಾಸ್ತ್ರದ ವಿಷಯವೆಂದು, ಅಕ್ಷರಗಳ ವಿಕಾಸದ ಕೋಷ್ಟಕವೆಂದು ಕಲಿಸುತ್ತೇವೆ. ಶೆಟ್ಟರ್ ಅದನ್ನು ದುಡಿಮೆಯೆಂದು ನೋಡಿದರು: ಯಾರು ಬರೆದರು, ಯಾರು ಕೊರೆದರು, ಅವರ ಮನೆತನ ಯಾವುದು, ಅವರು ಯಾರ ಬಳಿ ಕಲಿತರು. ಈ ನೆಲದ ಅತ್ಯಂತ ಹಳೆಯ ಲಿಖಿತ ದಾಖಲೆಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸುತ್ತಣ ಅಶೋಕನ ಶಾಸನಗಳು. ಅವುಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತಾನು ಬರೆದೆನೆಂದು ಹೇಳಿಕೊಂಡಿದ್ದಾನೆ. ಬ್ರಾಹ್ಮಿಯಲ್ಲಿ ಬರೆಯುತ್ತ ಬಂದು, ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಲಿಪಿ ಬಲ್ಲೆನೆಂಬ ಬಿಂಕವೋ, ದೂರದ ಊರಿನ ನೆನಪೋ. ಚಕ್ರವರ್ತಿಯ ಧರ್ಮಾಜ್ಞೆಯ ಕೆಳಗೆ, ಮೂಲೆಯಲ್ಲಿ, ಸಣ್ಣದಾಗಿ ಒಂದು ರುಜು.

ಈ ಭಾಗವನ್ನು ನಾನು ಮತ್ತೊಮ್ಮೆ ಗಮನವಿಟ್ಟು ಓದಿದ್ದು 2020ರ ವಸಂತದಲ್ಲಿ. ಫೆಬ್ರವರಿ 28ರಂದು ಶೆಟ್ಟರ್ ಬೆಂಗಳೂರಿನಲ್ಲಿ ತೀರಿಕೊಂಡರು. ಒಂದು ತಿಂಗಳೊಳಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ದಾದರಿನ ನಮ್ಮ ಕೋಣೆಯ ಕಿಟಕಿಗೆ ಹಗಲೂ ರಾತ್ರಿ ಕೇಳಿಸುತ್ತಿದ್ದ ರೈಲಿನ ಸದ್ದು ನಿಂತಿತ್ತು. ಸಂತಾಪ ಸಭೆ ನಡೆಸುವ ಹಾಗಿರಲಿಲ್ಲ. ಅವರ ಪುಸ್ತಕವನ್ನು ಓದಬಹುದಾಗಿತ್ತು.

ಓದುತ್ತಿದ್ದಂತೆ ಆ ವಿದ್ಯಾರ್ಥಿಯ ನೆನಪು ಬಲವಾಯಿತು. ಎಂ.ಎ. ಮುಗಿಸಿದ ಅವನಿಗೆ ಅಧ್ಯಾಪನದ ಕೆಲಸ ದೊರೆಯಲಿಲ್ಲ. ನಮ್ಮಲ್ಲಿ ಎಷ್ಟು ಮಂದಿಗೆ ದೊರೆಯುತ್ತದೆ? ಅಷ್ಟರಲ್ಲಿ ಫ್ಲೆಕ್ಸ್ ಬಂತು. ಒಂದು ಗಂಟೆಯಲ್ಲಿ ಅಚ್ಚಾಗುವ ಫಲಕದ ಎದುರು ಎರಡು ದಿನ ಬರೆಯುವ ಕೈಗೆ ಕೆಲಸವಿಲ್ಲವಾಗಿ ಗಲ್ಲಿಯ ಅಂಗಡಿ ಮುಚ್ಚಿತು. ಅವನು ಊರಿಗೆ ಹೋದ. ದಾದರಿನ ಒಂದು ಹೋಟೆಲಿನ ನೆತ್ತಿಯ ಮೇಲೆ ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಅವನು ಬರೆದ ಫಲಕ ಮಾತ್ರ ಬಹುಕಾಲ ಉಳಿದಿತ್ತು. ಬಲಮೂಲೆಯಲ್ಲಿ ಹೆಸರಿನ ಎರಡಕ್ಷರ, ಇಸವಿ. ತಿಲಕ್ ಸೇತುವೆ ದಾಟಿ ಆ ಕಡೆ ಹೋದಾಗಲೆಲ್ಲ ನಾನು ಅದನ್ನು ನೋಡುತ್ತಿದ್ದೆ. 2022ರಲ್ಲಿ ಹೋಟೆಲು ನವೀಕರಣಗೊಂಡಾಗ ಫಲಕ ಇಳಿಯಿತು. ಕೇಳೋಣವೆಂದು ಹೋದೆ; ಗುಜರಿಗೆ ಹೋಗಿ ವಾರವಾಗಿತ್ತು.

ಹಳೆಯ ಸಹಪಾಠಿಗಳಿಂದ ಅವನ ದೂರವಾಣಿ ಸಂಖ್ಯೆ ಪಡೆದು ಮಾತನಾಡಿದೆ. ಈಗ ಊರಿನಲ್ಲಿ ಗ್ರಾನೈಟ್ ಫಲಕಗಳಿಗೆ ಅಕ್ಷರ ಕೊರೆಯುವ ಸಣ್ಣ ಅಂಗಡಿ. ಶಂಕುಸ್ಥಾಪನೆಯ ಕಲ್ಲು, ಸಮಾಧಿಯ ಕಲ್ಲು. ಯಂತ್ರವಿದೆಯಂತೆ, ಆದರೂ ಕನ್ನಡದ ಒತ್ತಕ್ಷರಗಳಿಗೆ ಕೈಯೇ ಬೇಕಂತೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ ಅವನ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳಿ, ಶೆಟ್ಟರ್ ಅವರ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆ. ತಿಂಗಳ ನಂತರ ಅವನೇ ಕರೆಮಾಡಿದ. ಮಲ್ಲಿತಮ್ಮ ಅರವತ್ತು ವರ್ಷ ದುಡಿದನೆಂದು ನಾನು ಹೇಳಿದ್ದೆನಲ್ಲ, ಅದು ಅವನಿಗೆ ಒಪ್ಪಿಗೆಯಾಗಿರಲಿಲ್ಲ.

“ಅರವತ್ತು ವರ್ಷ ಒಬ್ಬನ ಕೈ ಉಳಿ ಹಿಡಿಯೂದಿಲ್ರಿ ಸರ. ನಮ್ಮ ದಾದರ ಅಂಗಡ್ಯಾಗ ಮಾಸ್ತರು ಸತ್ತ ಮ್ಯಾಲೂ ಎಂಟು ವರ್ಷ ಅವರ ಹೆಸರ ಹಾಕೇವಿ ನಾವು. ಗಿರಾಕಿಗೆ ಆ ಹೆಸರ ಬೇಕಿತ್ತು. ಮಲ್ಲಿತಮ್ಮಗ ಮಗ ಇದ್ದನೇನ್ರಿ?”

ಪ್ರಶ್ನೆ ಕ್ಷುಲ್ಲಕವಲ್ಲ. ಮಲ್ಲಿತಮ್ಮ ಒಬ್ಬ ವ್ಯಕ್ತಿಯೋ, ಒಂದು ಕಾರ್ಯಾಗಾರದ ಮುದ್ರೆಯೋ? ಅಮೃತಾಪುರದ ಹಾಗೂ ಸೋಮನಾಥಪುರದ ರುಜುಗಳ ಅಕ್ಷರಗಳನ್ನು, ‘ಲ್ಲಿ’ಯ ಒತ್ತು ತಿರುಗುವ ಬಗೆ, ‘ಮ’ದ ಹೊಟ್ಟೆಯ ಅಗಲ ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನಾದರೂ ಹೊಳೆಯಬಹುದು. ನೋಡಬೇಕಾದದ್ದು ನನ್ನ ಕಣ್ಣಲ್ಲ, ಅವನದು. ಬರುವ ಡಿಸೆಂಬರಿಗೆ ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಟಿಕೆಟು ಮಾಡಿಸಿದ್ದೇನೆ; ಒಂದು ದಾದರಿನಿಂದ, ಇನ್ನೊಂದು ಹುಬ್ಬಳ್ಳಿಯಿಂದ. ಈ ಸಲ ದೊಡ್ಡ ಟಾರ್ಚೊಂದನ್ನು ತಾನೇ ತರುವುದಾಗಿಯೂ, ಬೆಳಕನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದರೆ ಕಲ್ಲಿನ ಅಕ್ಷರ ಕಾಣುವುದೆಂದೂ ಅವನು ಹೇಳಿದ್ದಾನೆ.